ಯುರೋಪಿಗೆ ಹೋಗುವ ಬೊಂಡಾಸ್‌ಗೆ ಕಾಗದ ಇದೆ, ನಾವು ಕೊಳ್ಳುವ ಬೊಂಡಾಸ್‌ಗೆ?

ಪ್ರಶ್ನೆ: ನಾನು ಕುಂದಾಪುರದವಳು, ಈಗ ಇರುವುದು ಬೆಂಗಳೂರಿನಲ್ಲಿ. ಲೈಟ್ ಫಿಶಿಂಗ್, ಬುಲ್ ಟ್ರಾಲಿಂಗ್ ಅನ್ನುವ ಮೀನು ಹಿಡಿಯುವ ವಿಧಾನಗಳೆಲ್ಲ ನಿಷೇಧ ಅಂತ ಪೇಪರಲ್ಲಿ ಓದುತ್ತೇನೆ. ನಾನು ಕೊಳ್ಳುವ ಅಂಜಲ್ (ಸುರ್ಮಾಯಿ), ಬೊಂಡಾಸ್ (ಸ್ಕ್ವಿಡ್) ಹಾಗೆ ಹಿಡಿದದ್ದಲ್ಲ ಅಂತ ತಿಳಿಯುವುದು ಹೇಗೆ? ಅಂಗಡಿಯವರನ್ನು ಕೇಳಿದರೆ "ಮಲ್ಪೆ ಮೀನು, ಫ್ರೆಶ್" ಅಷ್ಟೇ.

ಉತ್ತರ (ಮೀನು ರಫ್ತು ಘಟಕದ ಗುಣಮಟ್ಟ ವಿಭಾಗದಲ್ಲಿರುವವರು): ಸದ್ಯಕ್ಕೆ ತಿಳಿಯುವುದಿಲ್ಲ. ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಆದರೆ ಅದೇ ಬೊಂಡಾಸ್ ಯುರೋಪಿಗೆ ಹೊರಟರೆ ಎಲ್ಲ ಹೇಳಲೇಬೇಕು. ಕಡಲಲ್ಲಿ ಹಿಡಿದ ಮೀನಿಗೆ ಕ್ಯಾಚ್ ಸರ್ಟಿಫಿಕೇಟ್ ಬೇಕು ಅಂತ ಐರೋಪ್ಯ ಒಕ್ಕೂಟ 2010ರ ಜನವರಿಯಿಂದ ನಿಯಮ ಮಾಡಿದೆ. ನಮ್ಮಲ್ಲಿ ಅದನ್ನು ಕೊಡುವುದು ಎಂಪೆಡಾ, ಅಂದರೆ ಕೇಂದ್ರ ಸರ್ಕಾರದ ಸಾಗರ ಉತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ. ಯಾವ ಬೋಟು, ಅದರ ನೋಂದಣಿ ಸಂಖ್ಯೆ, ಎಲ್ಲಿ, ಯಾವಾಗ ಹಿಡಿದದ್ದು, ಎಷ್ಟು ತೂಕ, ಎಲ್ಲ ಬರೆದಿರಬೇಕು.

ಒಂದೇ ಬೋಟು, ಒಂದೇ ಬಲೆ, ಮೀನು ಇಳಿಸುವ ಧಕ್ಕೆಯೂ ಒಂದೇ. ಹೊರಗೆ ಹೋಗುವ ಪಾಲಿಗೆ ಲೆಕ್ಕ ಇದೆ, ನಮ್ಮೂರಲ್ಲಿ ಮಾರುವ ಪಾಲಿಗೆ ಇಲ್ಲ. ಕಳ್ಳ ಮೀನು ಹೋಗುವುದೇ ಲೆಕ್ಕ ಕೇಳದ ಕಡೆಗೆ. ನನಗೆ ಇದು ತುಂಬಾ ಬೇಸರದ ವಿಷಯ.

ಇನ್ನೊಬ್ಬರು: ಲೈಟ್ ಹಾಕಿ ಹಿಡಿದರೂ ಮೀನು ಅದೇ ಅಲ್ವಾ? ಅಷ್ಟು ದೊಡ್ಡ ತಪ್ಪೇನು?

ಉತ್ತರ: ಬೋಟಿನಲ್ಲಿ ಜನರೇಟರ್ ಇಟ್ಟು ಪ್ರಖರ ಎಲ್‌ಇಡಿ ಉರಿಸುತ್ತಾರೆ. ಬೆಳಕಿಗೆ ದೊಡ್ಡದು, ಮರಿ ಅಂತಿಲ್ಲ, ಎಲ್ಲ ಬಂದು ಸೇರುತ್ತವೆ. ಸುತ್ತ ಬಲೆ ಹಾಕಿದರೆ ಒಂದೇ ರಾತ್ರಿಗೆ ಇಡೀ ಹಿಂಡು ಖಾಲಿ. ದಡದ ಹತ್ತಿರ ಕಾಯುವ ನಾಡದೋಣಿಯವರಿಗೆ ಏನು ಉಳಿಯುತ್ತದೆ? ಬುಲ್ ಟ್ರಾಲಿಂಗ್‌ನಲ್ಲಿ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುತ್ತವೆ. ಎರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ.

ಬೆಳಿಗ್ಗೆ ಧಕ್ಕೆಗೆ ಹೋಗಿ ನೋಡಿ. ಒಳ್ಳೆ ಮೀನು ಆರಿಸಿ ಏಲಂ ಆದ ಮೇಲೆ ನೆಲದಲ್ಲೊಂದು ರಾಶಿ ಉಳಿದಿರುತ್ತದೆ. ಬೆರಳುದ್ದದ ಮದ್ಮಲ್ ಮೀನು, ದಾರದ ಹಾಗಿರುವ ಪಾಂಬೋಲ್ (ರಿಬ್ಬನ್ ಫಿಶ್), ಉಗುರಿನಷ್ಟು ಬೊಂಡಾಸ್ ಮರಿ. ಅದನ್ನು ಸಲಿಕೆಯಲ್ಲಿ ಬಾಚಿ ಲಾರಿಗೆ ತುಂಬಿಸುತ್ತಾರೆ, ಅದು ಸೀದಾ ಫಿಶ್‌ಮಿಲ್‌ಗೆ, ಅಂದರೆ ಮೀನು ಪುಡಿ ಮಾಡುವ ಕಾರ್ಖಾನೆಗೆ. ಬಲೆಯ ತುದಿಗೆ 35 ಮಿಲಿಮೀಟರ್ ಚೌಕ ಕಣ್ಣು ಇರಬೇಕು ಅನ್ನುವುದು ಈ ಮರಿಗಳು ತಪ್ಪಿಸಿಕೊಳ್ಳಲಿ ಅಂತಲೇ.

ಮತ್ತೊಬ್ಬರು: ಕಾಗದದಲ್ಲಿ ಸುಳ್ಳು ಬರೆಯಬಹುದಲ್ವಾ?

ಉತ್ತರ: ಬರೆಯಬಹುದು. ಹತ್ತು ಬೋಟಿನ ಮೀನು ಒಂದೇ ಲಾಟ್‌ನಲ್ಲಿ ಸೇರಿದ ಮೇಲೆ ಯಾವುದು ಯಾರದು ಅಂತ ಹೇಳುವುದೂ ಕಷ್ಟ. ಅದಕ್ಕೇ ಕಾಗದದ ಜೊತೆ ಬೋಟಿನ ಮೇಲೂ ಕಣ್ಣಿರಬೇಕು. ಕಳ್ಳ ಮೀನುಗಾರಿಕೆ ತಡೆಯದ್ದಕ್ಕೆ ಥಾಯ್ಲೆಂಡ್‌ಗೆ 2015ರ ಏಪ್ರಿಲ್‌ನಲ್ಲಿ ಯುರೋಪ್ ಹಳದಿ ಕಾರ್ಡ್, ಅಂದರೆ ಎಚ್ಚರಿಕೆ, ಕೊಟ್ಟಿತು. ಸರಿ ಮಾಡಿಕೊಳ್ಳದಿದ್ದರೆ ಮುಂದಿನದು ಕೆಂಪು, ಅಂದರೆ ಅಲ್ಲಿಂದ ಮೀನೇ ಬೇಡ. ಆಮೇಲೆ ಥಾಯ್ಲೆಂಡ್‌ನವರು ದೊಡ್ಡ ಬೋಟುಗಳಿಗೆಲ್ಲ ಉಪಗ್ರಹ ಟ್ರ್ಯಾಕರ್ ಹಾಕಿದರು. ಬೋಟು ಬಂದರಿನಿಂದ ಹೊರಡುವಾಗ, ಬರುವಾಗ ತಪಾಸಣೆ ಶುರು ಮಾಡಿದರು. ಕಾರ್ಡ್ ತೆಗೆದದ್ದು 2019ರ ಜನವರಿಯಲ್ಲಿ. ನಮ್ಮಲ್ಲೂ ಬೋಟು ಎಲ್ಲಿದೆ ಅಂತ ತಿಳಿಸುವ, ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್‌ಗಳನ್ನು ಬೋಟುಗಳಿಗೆ ಹಾಕುತ್ತಿದ್ದಾರೆ. ಸದ್ಯ ಅದರ ಮುಖ್ಯ ಉದ್ದೇಶ ಮೀನುಗಾರರ ಸುರಕ್ಷತೆ. ಅದೇ ಮಾಹಿತಿಯನ್ನು ಮೀನಿನ ಲೆಕ್ಕಕ್ಕೂ ಜೋಡಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕೇಳಿದವರು: ಅಲ್ಲಿವರೆಗೆ ನಾನೇನು ಮಾಡಲಿ?

ಉತ್ತರ: ಗಾತ್ರ ನೋಡಿ. ಅರ್ಧ ಕಿಲೋ ಅಂಜಲ್ ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ, ಬೇಡ ಅನ್ನಿ. ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಕೇರಳದಲ್ಲಿ ಹಿಡಿಯುವುದೇ ಕಾನೂನುಬಾಹಿರ. ಇಲ್ಲೂ ಅದನ್ನೇ ಅಳತೆ ಇಟ್ಟುಕೊಳ್ಳಿ.

ಜೂನ್, ಜುಲೈ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಟ್ರಾಲ್‌ಬೋಟು ಇಳಿಯುವಂತಿಲ್ಲ. ಪೂರ್ವ ಕರಾವಳಿಯ ರಜೆ ಜೂನ್ 14ಕ್ಕೇ ಮುಗಿಯುವುದರಿಂದ ಜುಲೈಯಲ್ಲಿ ಚೆನ್ನೈ ಕಡೆಯ ಮೀನು ಬಂದರೆ ತಪ್ಪಲ್ಲ. ಆದರೆ ಅದನ್ನೇ "ಮಲ್ಪೆ ಮೀನು" ಅಂತ ಮಾರಿದರೆ ಯಾವ ಬೋಟಿನದು ಅಂತ ಕೇಳಿ. ಸುಮ್ನೆ ಬರಬೇಡಿ.

ಊರಿಗೆ ಹೋದಾಗ ರಾತ್ರಿ ಕಡಲಲ್ಲಿ ಲೈಟ್ ಹಾಕಿದ ಬೋಟು ಕಂಡರೆ ಮೀನುಗಾರಿಕೆ ಇಲಾಖೆಗೆ ಅಥವಾ ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ಸಮಯ, ಜಾಗ ಹೇಳಿ. ನೋಂದಣಿ ಸಂಖ್ಯೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಕರ್ನಾಟಕದ ಬೋಟಾದರೆ ಅದು "ಐಎನ್‌ಡಿ ಕೆಎ" ಅಂತ ಶುರುವಾಗುತ್ತದೆ.