ಬ್ಯಾಂಡೇಜು ಒದ್ದೆಯಾದರೆ ಮುಚ್ಚಿಡಬೇಡಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ನಿಮ್ಮಪ್ಪ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದರು, ತೊಡೆ ಮೂಳೆ ಮುರಿದು ಚರ್ಮ ಹರಿದಿದೆ, ನಾಳೆ ಹಾಸನದಲ್ಲಿ ರಾಡ್ ಹಾಕುತ್ತಾರೆ, ಆಮೇಲೆ ಕೀವಾಗುತ್ತಾ ದೊಡ್ಡಮ್ಮ ಅಂತ ಕೇಳಿದ್ದೀಯ. ಉದ್ದ ಆಗುತ್ತೆ, ಪೂರ್ತಿ ಕೇಳಿಸಿಕೋ.

ನನ್ನ ಎಡಗಾಲಿನ ಕಥೆ ನಿಮಗೆಲ್ಲ ಅರ್ಧ ಗೊತ್ತು. 2011ರ ಕಾಫಿ ಕುಯ್ಲಿನಲ್ಲಿ ಕಣದ ಪಾಚಿ ಮೇಲೆ ಜಾರಿ ಬಿದ್ದು ತೊಡೆ ಮೂಳೆ ಮುರಿಯಿತು, ನನಗೂ ರಾಡ್ ಹಾಕಿದರು. ಆಪರೇಷನ್ ಚೆನ್ನಾಗಿಯೇ ಆಯಿತು, ಆರನೇ ದಿನಕ್ಕೆ ಮನೆಗೆ ಬಂದೆ. ಒಂಬತ್ತನೇ ದಿನ ಬ್ಯಾಂಡೇಜಿನ ಮೇಲೆ ರೂಪಾಯಿ ಅಗಲದ ಒದ್ದೆ ಕಾಣಿಸಿತು. ನಾನು ಯಾರಿಗೂ ಹೇಳಲಿಲ್ಲ. ತೋಟದಲ್ಲಿ ಆಳುಗಳಿದ್ದರು, ಕಣದ ತುಂಬ ಕಾಫಿ ಹರಡಿತ್ತು, ಮೋಡ ಬೇರೆ ಕವಿದಿತ್ತು. ಈ ಹೊತ್ತಲ್ಲಿ ನಿಮ್ಮ ದೊಡ್ಡಪ್ಪನನ್ನು ಆಸ್ಪತ್ರೆಗೆ ಅಲೆಸೋದು ಬೇಡ ಅಂತ ಮೇಲೊಂದು ಟವಲ್ ಸುತ್ತಿಕೊಂಡೆ. ಹೀಗೆ ನಾಲ್ಕು ದಿನ. ಐದನೇ ದಿನ ಚಳಿಜ್ವರ, ತೊಡೆ ಕಾದ ಕಾವಲಿಯ ಹಾಗೆ.

ಡಾಕ್ಟರು ಬೈಯಲಿಲ್ಲ, ಬಿಡಿಸಿ ಹೇಳಿದರು. ರೋಗಾಣು ಒಳಗಿನ ರಾಡಿಗೆ ಅಂಟಿ ಲೋಳೆಯ ಹಾಗೆ ಪದರ ಕಟ್ಟಿಕೊಳ್ಳುತ್ತಂತೆ. ಆಮೇಲೆ ಔಷಧಿ ಅದರೊಳಕ್ಕೆ ಸರಿಯಾಗಿ ಇಳಿಯೋದಿಲ್ಲ. ಅದಕ್ಕೇ ಬೇಗ ಬರಬೇಕಿತ್ತಮ್ಮ ಅಂದರು. ಎರಡು ಸಲ ಥಿಯೇಟರಿಗೆ ಕರೆದೊಯ್ದು ಗಾಯ ಬಿಚ್ಚಿ ತೊಳೆದರು. ಆರು ವಾರ ಇಂಜೆಕ್ಷನ್. ಕೋಲಿಲ್ಲದೆ ನಡೆಯುವ ಹೊತ್ತಿಗೆ ಮುಂದಿನ ಕುಯ್ಲು ಬಂದಿತ್ತು. ಹಾಗಾಗಿ ಹೇಳುತ್ತೇನೆ, ಬ್ಯಾಂಡೇಜು ಒದ್ದೆಯಾದರೆ ಒಂದು ದಿನವೂ ಕಾಯಬೇಡಿ. ನಿಮ್ಮಪ್ಪ ನನ್ನ ಹಾಗೇ, ನೋವಿದ್ದರೂ ಬಾಯಿ ಬಿಡೋದಿಲ್ಲ. ದಿನಾ ನೀನೇ ನೋಡಬೇಕು.

ಆಗ ನನ್ನನ್ನು ನೋಡಲು ಎಷ್ಟು ಜನ ಬಂದರು ಅಂತೀಯ! ಎಲ್ಲರೂ ಮಂಚದ ಮೇಲೆ ಕೂರೋರು, ಸ್ವೀಟು ತಂದಿಟ್ಟು ಹೋಗೋರು. ನನಗೆ ಸಕ್ಕರೆ ಕಾಯಿಲೆ ಇರೋದು ಯಾರಿಗೆ ಗೊತ್ತಿರಲಿಲ್ಲ? ಒಂದು ರಾತ್ರಿ ಜೊತೆಗಿರುತ್ತೇನೆ ಅಂದವರು ಮಾತ್ರ ಒಬ್ಬರೂ ಇಲ್ಲ. ತವರಿನಿಂದ ಬಂದವರು ಬ್ಯಾಗಿನಲ್ಲಿ ಕಾಗದ ಇಟ್ಟುಕೊಂಡು ಬಂದಿದ್ದರು, ಅಪ್ಪನ ತೋಟದಲ್ಲಿ ನನ್ನ ಹಕ್ಕು ಬಿಟ್ಟುಕೊಡೋದಕ್ಕೆ. ಕೈಗೆ ಡ್ರಿಪ್ ಸೂಜಿ ಚುಚ್ಚಿತ್ತು, ಆ ಕೈಯಲ್ಲೇ ಸಹಿ ಹಾಕಿಸಿಕೊಂಡರು. ತೋಟ ಹೋದದ್ದಕ್ಕೆ ಅಲ್ಲ, ಕಾಲು ಹೇಗಿದೆ ಅಕ್ಕ ಅಂತ ಒಂದು ಮಾತು ಕೇಳಲಿಲ್ಲವಲ್ಲ, ಅದು ಇವತ್ತಿಗೂ ಹೋಗಿಲ್ಲ. ನಮ್ಮ ಮನೆಯವರ ಈ ಗ್ರೂಪಲ್ಲಿ ಅವರೂ ಇದ್ದಾರೆ. ಇರಲಿ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದನ್ನೇ ಬಿಟ್ಟೆ. ಚರ್ಮ ಹರಿದು ಮಣ್ಣು ಸೇರಿದರೆ ಕೀವಾಗುವ ಭಯ ಮುಚ್ಚಿದ ಮುರಿತಕ್ಕಿಂತ ಜಾಸ್ತಿ. ಆಂಟಿಬಯೋಟಿಕ್ ಶುರು ಮಾಡಿದ್ದಾರಾ, ಧನುರ್ವಾಯು ಬರದ ಹಾಗೆ ಟಿಟಿ ಇಂಜೆಕ್ಷನ್ ಹಾಕಿದ್ದಾರಾ, ಈಗಲೇ ಸಿಸ್ಟರನ್ನು ಕೇಳು. ನಾಳೆ ಆಪರೇಷನ್ನಿನಲ್ಲಿ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೂ ಆಂಟಿಬಯೋಟಿಕ್ ಕೊಡುತ್ತಾರೆ, ಅದನ್ನೂ ವಿಚಾರಿಸು. ಯಾವ ಔಷಧಿಗಾದರೂ ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡು. ನಿಮ್ಮಪ್ಪನ ಶುಗರ್ ಇವತ್ತು ಎಷ್ಟಿದೆ? ಅದು ಏರಿದ್ದರೆ ಗಾಯ ಬೇಗ ಮಾಯೋದಿಲ್ಲ, ರೋಗಾಣುವಿಗೂ ಹಬ್ಬ. 180ರ ಒಳಗೆ ಇಡಬೇಕು ಅಂತ ನನಗೆ ಹೇಳಿದ್ದರು. ಆಪರೇಷನ್ ಆದಮೇಲೂ ದಿನಾ ನೋಡಿಸಿ. ಬೀಡಿ ಸೇದುತ್ತಾರೆ ಅಂತ ಡಾಕ್ಟರಿಗೆ ಹೇಳು, ನಾಚಿಕೆ ಬೇಡ. ಮೂಳೆ ಕೂಡುವ ತನಕ ಒಂದೂ ಕೊಡಬೇಡ, ಬೀಡಿಯಿಂದ ಗಾಯಕ್ಕೆ ರಕ್ತ ಸರಿಯಾಗಿ ಹರಿಯೋದಿಲ್ಲ. ಉಚ್ಚೆ ಉರಿ ಇದ್ದರೂ, ಮೈಮೇಲೆ ಹುಣ್ಣಿದ್ದರೂ ಡಾಕ್ಟರಿಗೆ ಹೇಳದೆ ಮುಚ್ಚಿಡಬೇಡಿ. ಕಾಲಿನ ಕೂದಲು ನೀವು ಬ್ಲೇಡಿನಲ್ಲಿ ಬೋಳಿಸಲೇಬೇಡಿ. ಕಣ್ಣಿಗೆ ಕಾಣದ ಗೀರಾದರೂ ರೋಗಾಣುವಿಗೆ ದಾರಿ. ತೆಗೆಯಬೇಕಿದ್ದರೆ ಅವರೇ ಮೆಷಿನ್ನಲ್ಲಿ ಕತ್ತರಿಸುತ್ತಾರೆ.

ಮನೆಗೆ ಬಂದಮೇಲೆ ಎಣ್ಣೆ, ಅರಿಶಿನ, ಸೊಪ್ಪಿನ ರಸ, ಯಾರು ಏನೇ ಹೇಳಿದರೂ ಗಾಯಕ್ಕೆ ತಾಗಿಸಬೇಡಿ. ಮೊಟ್ಟೆ, ಕಾಳು ಚೆನ್ನಾಗಿ ತಿನ್ನಿಸಿ. ನೋವು ಇಳಿಯುವ ಬದಲು ಏರಿದರೆ, ಕೆಂಪಾದರೆ, ಜ್ವರ ಬಂದರೆ, ಬ್ಯಾಂಡೇಜು ಒದ್ದೆಯಾದರೆ, ರಾತ್ರಿಯಾದರೂ ಸರಿ, ಗಾಡಿ ಹತ್ತಿಸಿ. ತೋಟದ ಕೆಲಸ ಕಾಯುತ್ತೆ.

ನಾನು ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ವಾರ್ಡ್ ಯಾವುದು ಅಂತ ಹಾಕು. ನಾಳೆ ರಾತ್ರಿ ನೀನು ಮಲಗು, ನಿಮ್ಮಪ್ಪನ ಹತ್ತಿರ ನಾನು ಕೂರುತ್ತೇನೆ.