‘ಹೆಚ್ಚುವರಿ ಸಾವು’: ಯಾವುದಕ್ಕಿಂತ ಹೆಚ್ಚು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ನಗರಗಳಲ್ಲಿ ಬಿಸಿಲು ಏರಿದಾಗ ಸಾವು ಎಷ್ಟು ಹೆಚ್ಚುತ್ತದೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ‘ಎಕ್ಸೆಸ್ ಡೆತ್ಸ್’ (ಹೋಲಿಕೆಗೆ ಇಟ್ಟುಕೊಂಡ ಸಾವಿನ ಸಂಖ್ಯೆಗಿಂತ ಎಷ್ಟು ಜನ ಹೆಚ್ಚು ಸತ್ತರು ಅನ್ನುವ ಲೆಕ್ಕ) ಅನ್ನುವುದಕ್ಕೆ ‘ಹೆಚ್ಚುವರಿ ಸಾವು’ ಅಂತ ಹಾಕಿದ್ದೆ. ಅಮ್ಮನಿಗೆ ಓದಿ ಹೇಳಿದಾಗ, "ಹೆಚ್ಚುವರಿ ಅಂದ್ರೆ? ಸತ್ತವರಿಗಿಂತ ಜಾಸ್ತಿ ಲೆಕ್ಕ ಬರೆದ್ರಾ?" ಅಂತ ಕೇಳಿದರು. ಅವರು ಕೇಳಿದ್ದು ಸರಿಯೇ. ಹೆಚ್ಚುವರಿ ಬಸ್ಸು, ಹೆಚ್ಚುವರಿ ಜಿಲ್ಲಾಧಿಕಾರಿ ಅನ್ನುವಾಗ ಇರುವುದರ ಜೊತೆಗೆ ಬೇಕೆಂದೇ ಇನ್ನೊಂದನ್ನು ಸೇರಿಸಿರುತ್ತೇವೆ. ಸಾವಿಗೆ ಆ ಪದ ಒಗ್ಗುವುದಿಲ್ಲ.

ಪದ ಬಿಟ್ಟುಬಿಡೋಣ ಅಂದರೆ ಅದೂ ಆಗದು. ಬಿಸಿಲಿಗೆ ಸತ್ತವರ ದಾಖಲೆಯಲ್ಲಿ ಬಿಸಿಲು ಅಂತ ಬರೆಯುವುದೇ ಅಪರೂಪ. ಮೈ ತಣ್ಣಗಿಡಲು ಹೃದಯ ಚರ್ಮದ ಕಡೆಗೆ ಜಾಸ್ತಿ ರಕ್ತ ತಳ್ಳಬೇಕು, ವಯಸ್ಸಾದವರಿಗೆ ಅದು ತಡೆಯುವುದಿಲ್ಲ, ಕೊನೆಗೆ ಕಾಗದದ ಮೇಲೆ ಉಳಿಯುವುದು ‘ಹೃದಯಾಘಾತ’. ಹಾಗಾಗಿ ಒಟ್ಟು ಸಾವನ್ನೇ ಎಣಿಸಿ ಹೋಲಿಸಬೇಕು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಬಿಸಿಲು 46.8 ಡಿಗ್ರಿಗೆ ಹೋಗಿತ್ತು. ಆ ತಿಂಗಳು ಸತ್ತವರು 4,462 ಜನ. 2009 ಮತ್ತು 2011ರ ಮೇ ತಿಂಗಳುಗಳ ಸರಾಸರಿ 3,118. ನಡುವಿನ 1,344 ಜನರಿಗೆ ನಮ್ಮಲ್ಲಿ ಒಂದು ಒಳ್ಳೆಯ ಹೆಸರೂ ಇಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ವಿಷಯ. ಆ ಊರು 2013ರಲ್ಲಿ ಬಿಸಿಲು ಎದುರಿಸುವ ಯೋಜನೆ ಮಾಡಿಕೊಂಡದ್ದರ ಹಿಂದೆ ಇದ್ದದ್ದು ಆ ಬೇಸಿಗೆಯೇ.

ಆಮೇಲೆ ಮಳೆಯ ಸುದ್ದಿ ನೆನಪಾಯಿತು. ‘ವಾಡಿಕೆಗಿಂತ ಹೆಚ್ಚು ಮಳೆ’ ಅಂದರೆ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಗೇ ‘ವಾಡಿಕೆ ಮೀರಿದ ಸಾವು’ ಅನ್ನಬಹುದಲ್ವಾ? ಅಹಮದಾಬಾದಿಗೆ ಸರಿಯಾಗಿ ಕೂರುತ್ತದೆ.

ಆದರೆ ಇಂಗ್ಲೆಂಡಿನ ಲೆಕ್ಕಕ್ಕೆ ಬಂದಾಗ ಕೈಕೊಟ್ಟಿತು. ಅಲ್ಲಿ ಚಳಿಗಾಲದ ‘ಎಕ್ಸೆಸ್’ ಸಾವು ಅಂತ ಬೇರೆಯೇ ಎಣಿಸುತ್ತಿದ್ದರು. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಸಾವನ್ನು ಅದರ ಹಿಂದಿನ ನಾಲ್ಕು ತಿಂಗಳು, ಮುಂದಿನ ನಾಲ್ಕು ತಿಂಗಳಿನ ಸರಾಸರಿಗೆ ಹೋಲಿಸುವ ಕ್ರಮ ಅದು. ಚಳಿಗಾಲದಲ್ಲಿ ಜಾಸ್ತಿ ಜನ ಸಾಯುವುದೇ ಅಲ್ಲಿ ವಾಡಿಕೆ! ಮೀರಿದ್ದು ವಾಡಿಕೆಯನ್ನಲ್ಲ, ಅದೇ ವರ್ಷದ ಉಳಿದ ತಿಂಗಳುಗಳನ್ನು. ಇನ್ನೊಂದು ತೊಡಕೂ ಇದೆ. ಹೋಲಿಕೆಯ ತಿಂಗಳುಗಳಲ್ಲಿ ಜುಲೈ, ಆಗಸ್ಟ್ ಸೇರಿವೆ. 2022ರ ಜುಲೈನಲ್ಲಿ ಅಲ್ಲಿ ಬಿಸಿಲು ಮೊದಲ ಸಲ 40 ಡಿಗ್ರಿ ದಾಟಿತು. ಬೇಸಿಗೆಯ ಸಾವು ಹೆಚ್ಚಿದರೆ ಈ ಲೆಕ್ಕದಲ್ಲಿ ಚಳಿಗಾಲದ ಅಂಕಿ ತಾನಾಗಿ ಇಳಿಯುತ್ತದೆ, ಚಳಿಯಿಂದ ಒಬ್ಬರೂ ಹೆಚ್ಚಿಗೆ ಉಳಿಯದಿದ್ದರೂ. ಎರಡಕ್ಕೂ ಸುಮ್ನೆ ‘ಹೆಚ್ಚುವರಿ’ ಅಂತ ಬರೆದರೆ ಓದುವವರಿಗೆ ಇದು ಹೊಳೆಯುವುದೇ ಇಲ್ಲ.

ಸದ್ಯಕ್ಕೆ ಮೊದಲನೆಯದಕ್ಕೆ ‘ವಾಡಿಕೆ ಮೀರಿದ ಸಾವು’, ಎರಡನೆಯದಕ್ಕೆ ‘ಚಳಿಗಾಲದ ಸಾವಿನ ಏರಿಕೆ’ ಅಂತ ಇಟ್ಟುಕೊಂಡಿದ್ದೇನೆ. ‘ವಾಡಿಕೆ’ಯನ್ನು ಸಾವಿನ ಪಕ್ಕ ಇಟ್ಟರೆ ನಿಮ್ಮ ಕಿವಿಗೆ ಒರಟಾಗಿ ಕೇಳುತ್ತದೆಯೇ? ಇನ್ನು ರಾಯಚೂರು, ಕಲಬುರಗಿ ಕಡೆಯವರಿಗೆ ಒಂದು ಪ್ರಶ್ನೆ: ಮನೆಯಲ್ಲಿ ಹಿರಿಯರು ಬೇಸಿಗೆಯ ಧಗೆ ತಾಳದೆ ಒಂದು ವಾರ ಸೊರಗಿ ತೀರಿಕೊಂಡರೆ ಏನಂತೀರಿ? ‘ಬಿಸಿಲು ಬಡಿದು ಹೋದರು’ ಅನ್ನುವುದು ಹೊಲದಲ್ಲಿ ಕುಸಿದುಬಿದ್ದವರಿಗೆ ಮಾತ್ರವೇ, ಇವರಿಗೂ ಸಲ್ಲುತ್ತದೆಯೇ?