ಯೂತ್ ಬೈಬಲ್ ಸ್ಟಡಿಗೆ ‘ದೇವರ ಸ್ವಭಾವ’ ಅಂತ ಟಾಪಿಕ್ ಕೊಟ್ಟಿದಾರೆ, ಮೊದಲನೇ ವಾರನೇ ಮುಗ್ಗರಿಸ್ದೆ, ಅನುಭವ ಇರೋರು ಹೇಳಿ

ಕೇಳ್ತಿರೋದು ದಾವಣಗೆರೆಯಿಂದ

ಎಲ್ರಿಗೂ ವಂದನೆ. ನಂಗೆ 25 ವರ್ಷ, ಕಂಪ್ಯೂಟರ್ ರಿಪೇರಿ ಅಂಗಡೀಲಿ ಕೆಲಸ. ನಮ್ಮ ಸಭೇಲಿ ಯೂತ್ ಮೀಟಿಂಗ್ ನಡೆಸ್ತಿದ್ದ ಅಣ್ಣ ಬೆಂಗಳೂರಿಗೆ ಹೋಗ್ಬಿಟ್ರು, ಪಾಸ್ಟರು ನನ್ನ ಕರೆದು ಇನ್ನು 6 ಭಾನುವಾರ ನೀನೇ ಮಾಡಪ್ಪ, ದೇವರ ಸ್ವಭಾವದ ಮೇಲೆ ಮಾಡು ಅಂದ್ರು. ಬರೋರು 15-18 ಜನ, ಹತ್ತನೇ ಕ್ಲಾಸಿಂದ ಹಿಡಿದು ಡಿಗ್ರಿ ಫೈನಲ್ ಇಯರ್ ತನಕ. ಹೋದ ವಾರ ಸರ್ವಶಕ್ತ, ಸರ್ವವ್ಯಾಪಿ, ಸರ್ವಜ್ಞ ಅಂತ ಬೋರ್ಡ್ ಮೇಲೆ ಬರ್ದು ಒಂದೊಂದಕ್ಕೂ ವಚನ ಓದಿಸ್ದೆ, ಹತ್ತು ನಿಮಿಷಕ್ಕೆ ಅರ್ಧ ಜನ ಮೊಬೈಲ್ ಒಳಗೆ. ಕೊನೇಲಿ ಒಬ್ಬ ಪಿಯುಸಿ ಹುಡುಗ, ತಂದೆ, ಮಗ, ಪವಿತ್ರಾತ್ಮ ಮೂರೂ ಒಬ್ಬನೇ ದೇವರು, ತ್ರಿಯೇಕ ದೇವರು ಅಂತಾರಲ್ಲ, ಹಂಗಂದ್ರೆ ಏನಣ್ಣ, ಹರಿಹರದ ಗುಡೀಲಿ ಅರ್ಧ ಶಿವ ಅರ್ಧ ವಿಷ್ಣು ಇದಾರಲ್ಲ ಹಂಗಾ ಅಂದ. ನಾನು ಎಲ್ರೂ ಹೇಳೋ ನೀರು, ಮಂಜುಗಡ್ಡೆ, ಹಬೆ ಉದಾಹರಣೆ ಕೊಟ್ಟೆ. ಅವ್ನು "ಹಂಗಾದ್ರೆ ಯೇಸು ತೋಟದಲ್ಲಿ ಪ್ರಾರ್ಥನೆ ಮಾಡಿದ್ದು ಯಾರಿಗೆ, ತನಗೆ ತಾನೇನಾ" ಅಂದ. ಬಾಯಿಗೆ ಬೀಗ ಬಿದ್ದಂಗಾಯ್ತು. ಟೈಮ್ ಆಯ್ತು ಅಂತ ಪ್ರಾರ್ಥನೆ ಮಾಡಿ ಮುಗಿಸ್ದೆ. ಇನ್ನೂ 5 ವಾರ ಐತಿ. ಏನ್ ಮಾಡ್ಲಿ?

ಚಿತ್ರದುರ್ಗ, ಸಂಡೇ ಸ್ಕೂಲು ಯೂತು ಎರಡೂ ಸೇರಿ 14 ವರ್ಷ ಆಯ್ತು

ತಮ್ಮಾ, ನೀನು ಮಾಡಿದ ತಪ್ಪು ನಾನೂ ಮಾಡಿದೀನಿ, ಅದೂ ಎರಡು ವರ್ಷ ಪೂರ್ತಿ. ‘ಸರ್ವ’ ಅಂತ ಶುರುವಾಗೋ ಪದಗಳನ್ನ ಬೋರ್ಡ್ ಮೇಲೆ ಬರೆದ್ರೆ ಮಕ್ಕಳಿಗೆ ಅದು ಪರೀಕ್ಷೆಗೆ ಬರೋ ನೋಟ್ಸ್ ತರ ಕಾಣ್ತದೆ. ನಾನು ಈಗ ಒಂದೇ ಜಾಗದಿಂದ ಶುರು ಮಾಡೋದು, ವಿಮೋಚನಕಾಂಡ 33 ಮತ್ತು 34. ದೇವರು ಎಂಥವನು ಅಂತ ಬೇರೆಯವರು ಹೇಳೋದಲ್ಲ ಅಲ್ಲಿ, ತಾನೇ ತನ್ನ ಬಗ್ಗೆ ಹೇಳ್ಕೊಳ್ಳೋದು. ಅದೂ ಯಾವಾಗ, ಜನ ಚಿನ್ನದ ಕರು ಮಾಡಿ ಕುಣಿದ ಮೇಲೆ, ಮೋಶೆ ಸಿಟ್ಟಿಗೆ ಕಲ್ಲಿನ ಹಲಗೆ ಒಡೆದು ಹಾಕಿದ ಮೇಲೆ. ಇಷ್ಟು ಕಥೆ ಮೊದಲು ಹೇಳು, ಸುಮ್ನೆ ವಚನ ಕಿತ್ತು ಕೈಗೆ ಕೊಡ್ಬೇಡ.

ಮೋಶೆ ನಿನ್ನ ಮಹಿಮೆ ತೋರಿಸು ಅಂತಾನೆ, ದೇವರು ಅವನನ್ನ ಬಂಡೆ ಸಂದಿನಲ್ಲಿ ನಿಲ್ಲಿಸಿ ಕೈ ಅಡ್ಡ ಹಿಡಿದು ದಾಟಿ ಹೋಗ್ತಾನೆ. ನಮ್ಮ ದುರ್ಗದ ಹುಡುಗ್ರಿಗೆ ಬಂಡೆ ಸಂದು ಅಂದ್ರೆ ವಿವರಿಸಬೇಕಾ ಹೇಳು, ಓಬವ್ವನ ಕಿಂಡಿ ನೋಡ್ಕೊಂಡು ಬೆಳೆದೋರು. ಒಂದ್ಸಲ ಕೋಟೆ ಮೇಲೇ ಕರ್ಕೊಂಡು ಹೋಗಿ ಒಂದು ಬಂಡೆ ನೆರಳಲ್ಲಿ ಕೂರಿಸಿ ಓದಿಸ್ದೆ, ಕೋತಿ ಬಂದು ಮಂಡಕ್ಕಿ ಕವರ್ ಎತ್ಕೊಂಡು ಹೋಯ್ತು ಅದು ಬೇರೆ ಮಾತು, ಆದ್ರೆ ಒಬ್ಬ ಹುಡುಗಿ ತಾನಾಗೇ ಒಂದು ಸಂದಿನ ಒಳಗೆ ಹೋಗಿ ನಿಂತು "ಅಕ್ಕ ಇಲ್ಲಿಂದ ಹೊರಗೆ ಒಂದು ಗೆರೆ ಅಷ್ಟೇ ಕಾಣ್ತದೆ" ಅಂದ್ಲು. ನಾನು ಹತ್ತು ಭಾನುವಾರ ಮಾತಾಡಿದ್ರೂ ಅಷ್ಟು ಹೇಳ್ತಿರ್ಲಿಲ್ಲ.

ಆಮೇಲೆ 34:6. ನಮ್ಮ ಸತ್ಯವೇದದಲ್ಲಿ ‘ದೀರ್ಘಶಾಂತ’ ಅಂತ ಪದ ಐತಲ್ಲ, ಒಬ್ಬ ಡಿಪ್ಲೊಮಾ ಹುಡುಗನ್ನ ಕೇಳ್ದೆ ಏನಪ್ಪ ಹಂಗಂದ್ರೆ ಅಂತ. "ಬಾಳ ಹೊತ್ತು ಮಾತಾಡ್ದೇ ಇರೋನು" ಅಂದ. ಎಲ್ರೂ ನಕ್ರು, ನಂಗೆ ಮಾತ್ರ ನಗು ಬರ್ಲಿಲ್ಲ ಯಾಕಂದ್ರೆ ಅವ್ನ ಮನೆ ಪರಿಸ್ಥಿತಿ ಗೊತ್ತಿತ್ತು, ಅವ್ನಿಗೆ ದೇವರು ಅಂದ್ರೆ ನಿಜವಾಗ್ಲೂ ಮಾತಾಡದೇ ಇರೋನೇ ಆಗಿದ್ದ. ಇಬ್ರಿಯ ಕಲಿತ ಒಬ್ಬ ಪಾಸ್ಟರ್ ಹಿಂದೆ ಹೇಳಿದ್ದು ಆಗ ನೆನಪಾಯ್ತು. ಮೂಲದಲ್ಲಿ ಅಲ್ಲಿರೋದು ‘ಎರೆಖ್ ಅಪ್ಪಯಿಮ್’, ಅಕ್ಷರಶಃ ಉದ್ದ ಮೂಗಿನವನು ಅಂತ. ಇಬ್ರಿಯದಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ನಮ್ಮಲ್ಲಿ ಮೂಗಿನ ತುದೀಲೇ ಕೋಪ ಅಂತೀವಲ್ಲ, ಅದೇ ಲೆಕ್ಕ, ದೇವರ ಮೂಗು ಎಷ್ಟು ಉದ್ದ ಅಂದ್ರೆ ಕೋಪ ತುದಿ ಮುಟ್ಟೋಕೆ ಬಾಳ ಹೊತ್ತು ಬೇಕು ಅಂದೆ. ಅವತ್ತಿಂದ ನಮ್ಮ ಗುಂಪಲ್ಲಿ ಯಾರಾದ್ರೂ ರೇಗಿದ್ರೆ "ಏ, ಮೂಗು ಉದ್ದ ಮಾಡ್ಕೊಳೋ" ಅಂತಾರೆ.

ಆದ್ರೆ 6ಕ್ಕೆ ನಿಲ್ಲಿಸಿ ಜಾರ್ಕೊಬೇಡ. 7ನೇ ವಚನದಲ್ಲಿ ತಂದೆಗಳ ದೋಷ ಮಕ್ಕಳು ಮೊಮ್ಮಕ್ಕಳ ಮೇಲೆ ಬರೋ ಮಾತೈತಿ, ಮಕ್ಕಳು ಅದನ್ನ ಹಿಡ್ಕೊಂಡೇ ಹಿಡ್ಕೊತಾರೆ, ಯಾಕಂದ್ರೆ ಓದೋಕೆ ಕೊಟ್ರೆ ಅವ್ರು ಮುಂದಿನ ವಚನಾನೂ ಓದ್ತಾರೆ. ಎರಡನೇ ವಾರಕ್ಕೆ ಯೆಹೆಜ್ಕೇಲ 18 ಇಟ್ಕೊ, ಮಗ ತಂದೆಯ ದೋಷ ಹೊರಲ್ಲ ಅಂತ ಅಲ್ಲಿ ನೇರವಾಗೇ ಐತಿ. ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಆಡೋಕೆ ಬಿಡು. ನಾನು ಸಮಾಧಾನ ಮಾಡೋಕೆ ಹೋಗಲ್ಲ ತಕ್ಷಣಕ್ಕೆ.

ಇನ್ನೊಂದು, 34:6ರ ಈ ಮಾತು ಹಳೇ ಒಡಂಬಡಿಕೇಲಿ ಮತ್ತೆ ಮತ್ತೆ ಬರ್ತದೆ. ಅರಣ್ಯಕಾಂಡ 14:18, ನೆಹೆಮೀಯ, ಕೀರ್ತನೆ 86, 103, 145, ಯೋವೇಲ 2:13, ಯೋನ 4:2, ನಹೂಮ 1:3. ಇಬ್ಬಿಬ್ಬರಿಗೆ ಒಂದೊಂದು ಚೀಟಿ ಕೊಟ್ಟು ಯಾರು ಯಾವ ಸಂದರ್ಭದಲ್ಲಿ ಹೇಳಿದ್ದು ಅಂತ ಹುಡುಕಿಸು. ಯೋನ ಸಿಕ್ಕಿದೋರಿಗೆ ಮಜಾ, ಅವ್ನು ಅದನ್ನ ಸ್ತೋತ್ರಕ್ಕೆ ಹೇಳಲ್ಲ, ದೂರು ಹೇಳೋಕೆ ಹೇಳ್ತಾನೆ, ನೀನು ನಿನೆವೆ ಊರಿನೋರನ್ನ ಹಿಂಗೆ ಕ್ಷಮಿಸಿಬಿಡ್ತೀಯ ಅಂತ ಗೊತ್ತಿತ್ತು ಅದಕ್ಕೇ ಓಡಿಹೋಗಿದ್ದು ಅಂತ. ನಹೂಮನೂ ಅದೇ ನಿನೆವೆ ಊರಿನ ಬಗ್ಗೆನೇ ಹೇಳೋದು, ಆದ್ರೆ ಅಲ್ಲಿ ಆ ಊರಿಗೆ ನ್ಯಾಯತೀರ್ಪು. ಅದೇ ಪದ, ಅದೇ ಊರು. ನಮ್ಮ ಹುಡುಗ್ರು ಒಂದೂವರೆ ಗಂಟೆ ಕೂತ್ರು ಅವತ್ತು, ನಾನು ಏನೂ ಮಾತಾಡ್ಲೇ ಇಲ್ಲ.

ಹರಿಹರದಿಂದ

ನಾನು ಕಥೋಲಿಕ, ಆರೋಗ್ಯಮಾತೆ ಗುಡಿ ಇರೋ ಊರಿನವ್ನು, ನಮ್ಮಲ್ಲೂ ಇದೇ ಪ್ರಶ್ನೆ ವರ್ಷಕ್ಕೊಂದ್ಸಲ ಬಂದೇ ಬರ್ತದೆ ಬ್ರದರ್. ನಿಮ್ಮ ಹುಡುಗ ಬಾಳ ಜಾಣ. ನೀರು-ಮಂಜುಗಡ್ಡೆ ಮಾತಲ್ಲಿ ತೊಂದ್ರೆ ಏನು ಅಂದ್ರೆ ಒಬ್ಬನೇ ಮೂರು ವೇಷ ಹಾಕಿದಂಗೆ ಆಗ್ತದೆ, 3ನೇ ಶತಮಾನದಲ್ಲಿ ಸಬೆಲ್ಲಿಯಸ್ ಅನ್ನೋರ ಬೋಧನೆ ಸುಮಾರು ಇದೇ ತರದ್ದು, ಸಭೆ ಅದನ್ನ ಒಪ್ಪಲಿಲ್ಲ. ಕಾರಣ ನಿಮ್ಮ ಹುಡುಗ ಕೇಳಿದ್ದೇ. ಅವ್ನಿಗೆ ಮತ್ತಾಯ 3:16-17 ಓದಿಸಿ. ಮಗ ನೀರಲ್ಲಿ, ಆತ್ಮ ಪಾರಿವಾಳದಂಗೆ ಇಳೀತಾ, ತಂದೆಯ ದನಿ ಆಕಾಶದಿಂದ, ಮೂರೂ ಒಂದೇ ಹೊತ್ತಿಗೆ. ಒಂದೇ ನೀರು ಒಂದೇ ಸಲ ಮಂಜೂ ಹಬೇನೂ ಆಗಿ ಒಂದಕ್ಕೊಂದು ಮಾತಾಡಲ್ವಲ್ಲ.

ಹರಿಹರೇಶ್ವರನ ಹೋಲಿಕೆಗೆ ಬೈಬೇಡಿ ಅವ್ನಿಗೆ. ಆ ಗುಡಿ 13ನೇ ಶತಮಾನದ್ದು, ಹೊಯ್ಸಳರ ಕಾಲದ್ದು, ಊರಿಗೇ ಅದರ ಹೆಸರು, ಅವನ ಕ್ಲಾಸ್‌ಮೇಟ್ಸ್ ಅಲ್ಲಿಗೆ ಹೋಗೋರು. ನಾನು ಹೇಳೋದು ಇಷ್ಟು, ಅಲ್ಲಿ ವಿಗ್ರಹ ಎರಡು ಅರ್ಧ ಸೇರಿ ಒಂದು, ನಾವು ನಂಬೋದ್ರಲ್ಲಿ ಅರ್ಧ ಕಾಲು ಲೆಕ್ಕ ಇಲ್ಲ, ತಂದೆ ಪೂರ್ತಿ ದೇವರು, ಮಗ ಪೂರ್ತಿ ದೇವರು, ಆತ್ಮ ಪೂರ್ತಿ ದೇವರು, ಆದ್ರೂ ದೇವರು ಒಬ್ಬನೇ. ಅವ್ರ ನಂಬಿಕೆ ಏನು ಅಂತ ಅವ್ರನ್ನೇ ಕೇಳು ಅಂತೀನಿ. ತ್ರಿತ್ವ ಅನ್ನೋ ಪದ ಬೈಬಲಲ್ಲಿ ಇಲ್ಲ ಅನ್ನೋದನ್ನೂ ಮುಚ್ಚಿಡಬೇಡಿ, ಯೂಟ್ಯೂಬಲ್ಲಿ ಹೆಂಗೂ ನೋಡಿರ್ತಾರೆ. 325ರಲ್ಲಿ ನೈಸಿಯ ಅನ್ನೋ ಊರಲ್ಲಿ, ಈಗಿನ ಟರ್ಕಿಯ ಇಜ್ನಿಕ್, ಬಿಷಪ್ಪರು ಸೇರಿ ಮಗ ಸೃಷ್ಟಿಯಾದವನಲ್ಲ ಅಂತ ತೀರ್ಮಾನ ಮಾಡಿದ್ರು, 381ರ ಕಾನ್‌ಸ್ಟಾಂಟಿನೋಪಲ್ ಸಭೆ ಆದ್ಮೇಲೆ ಆತ್ಮದ ಬಗ್ಗೆ ಮಾತೂ ಸೇರ್ತು. ಆರಾಧನೇಲಿ ಬಾಯಿಪಾಠ ಹೇಳೋ ವಿಶ್ವಾಸ ಪ್ರಮಾಣ ಅಲ್ಲಿಂದ ಬಂದಿದ್ದು ಅಂದ್ರೆ ಮಕ್ಕಳಿಗೆ ಆಶ್ಚರ್ಯ.

ಗುಂಪಲ್ಲಿ ನಮ್ಮೋರೂ ಇದ್ರೆ ಒಂದು ಮಾತು, ನಿಮ್ಮಲ್ಲಿ ಯೆಹೋವ ಅಂತಿರೋ ಕಡೆ ನಮ್ಮ ಬೈಬಲಲ್ಲಿ ಸರ್ವೇಶ್ವರ ಅಂತಿರ್ತದೆ, ಮೊದಲೇ ಹೇಳ್ಬಿಡಿ.

ಹಿರಿಯೂರು, ನಾನು ಹೇಳ್ಕೊಡೋಳಲ್ಲ, ಕೂತು ಕೇಳೋಳು

ಬಿಎಸ್ಸಿ ಓದ್ತಿದೀನಿ ಅಣ್ಣ. ಎರಡೇ ಮಾತು. ಒಂದು, ದೇವರು ನಮ್ಮ ತಂದೆ ಇದ್ದಂಗೆ ಅಂತ ಹೇಳಿ ಮುಂದಕ್ಕೆ ಓಡ್ಬೇಡಿ. ನಮ್ಮ ಗುಂಪಲ್ಲಿ ಒಬ್ಬಳು ಆ ಮಾತು ಬಂದಾಗೆಲ್ಲ ತಲೆ ತಗ್ಗಿಸಿ ಕೂರ್ತಾಳೆ, ಅವ್ರಪ್ಪ ಸಂಜೆ ಮನೆಗೆ ಬರೋ ಸದ್ದಿಗೇ ಎದ್ದು ಅಡುಗೆಮನೆಗೆ ಹೋಗ್ತಾಳಂತೆ. ಟೀಚರಕ್ಕ ಒಂದ್ಸಲ ಯೆಶಾಯ 49:15 ಓದಿಸಿದ್ರು, ಮೊಲೆಗೂಸನ್ನ ತಾಯಿ ಮರೆತಾಳಾ, ಮರೆತ್ರೂ ನಾನು ಮರೆಯಲ್ಲ ಅನ್ನೋದು, ಅವತ್ತು ಅವ್ಳು ಪೆನ್ನು ತಗೊಂಡು ಗೆರೆ ಎಳೆದಿದ್ದು ನೋಡಿದೆ.

ಎರಡು, ಕಷ್ಟದ ಪ್ರಶ್ನೆಗೆ ಹೆಸರಿಲ್ಲದ ಚೀಟಿ ಡಬ್ಬ ಇಡಿ. 2022ರಲ್ಲಿ ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933 ಆದ್ಮೇಲೆ ಅದೇ ಮೊದಲು, ಊರೆಲ್ಲ ಸ್ತೋತ್ರ. ಆ ಭಾನುವಾರ ಡಬ್ಬದಲ್ಲಿ ಒಂದು ಚೀಟಿ, "ಈಗ ದೇವರು ಒಳ್ಳೆಯವನು ಅಂತೀರಲ್ಲ, ಬರ ಬಂದಾಗ ಯಾಕೆ ಸುಮ್ನಿದ್ರಿ." ಕೈ ಎತ್ತಿ ಯಾರೂ ಅದನ್ನ ಕೇಳ್ತಿರ್ಲಿಲ್ಲ.

ದಾವಣಗೆರೆ, ಹಿರಿಯರೊಬ್ಬರು

ಎಲ್ಲ ಸರಿ, ಆದರೆ ಪ್ರಶ್ನೆ ಪ್ರಶ್ನೆ ಅಂತ ಬಾಯಿಪಾಠ ಬಿಟ್ಟುಬಿಡಬೇಡ್ರಪ್ಪ. ನಾವು ಚಿಕ್ಕವರಿದ್ದಾಗ ವಾರಕ್ಕೊಂದು ವಚನ ಒಪ್ಪಿಸಲೇಬೇಕಿತ್ತು. 2 ಪೇತ್ರ 1:4 ಅರ್ಥ ಆಗದೇ ಕಲಿತಿದ್ದೆ, ದೈವಸ್ವಭಾವದಲ್ಲಿ ನಮಗೂ ಪಾಲು ಅನ್ನೋದು. ನಮ್ಮ ಮನೆಯವರು ತೀರಿಕೊಂಡ ವರ್ಷ ಅದೇ ನೆನಪಿಗೆ ಬಂತು. ಮಕ್ಕಳಿಗೆ ಈಗ ಬೇಡ ಅನ್ನಿಸಬಹುದು.

ಕೇಳಿದವನೇ, ಭಾನುವಾರ ಸಂಜೆ

ಎಲ್ರಿಗೂ ಬಾಳ ಥ್ಯಾಂಕ್ಸ್. ಇವತ್ತು ಬೋರ್ಡ್ ಮುಟ್ಲಿಲ್ಲ. ಮೊದಲು ಆ ಹುಡುಗನಿಗೆ ಎಲ್ರ ಮುಂದೆನೇ, ಹೋದ ವಾರ ನಾನು ಹೇಳಿದ ಉದಾಹರಣೆ ತಪ್ಪು ಕಣೋ, ನಿನ್ನ ಪ್ರಶ್ನೆ ಸರಿ ಅಂದೆ, ಅವ್ನ ಮುಖ ನೋಡ್ಬೇಕಿತ್ತು. ಮತ್ತಾಯ 3 ಓದಿದ್ವಿ. ಪೂರ್ತಿ ಅರ್ಥ ಆಯ್ತಾ ಅಂದ್ರೆ "ಇಲ್ಲ, ಆದ್ರೆ ನೀರು ಅಲ್ಲ ಅಂತ ಗೊತ್ತಾಯ್ತು" ಅಂದ. ಮೂಗಿನ ಮಾತಿಗೆ ಎಲ್ರೂ ಬಿದ್ದು ಬಿದ್ದು ನಕ್ರು. ಕರೆಂಟ್ ಹೋಯ್ತು, ಸೆಕೆ, ಆದ್ರೂ ಯಾರೂ ಏಳ್ಲಿಲ್ಲ, ಮಂಡಕ್ಕಿ ಮಿರ್ಚಿ ಬರೋದು ಬಾಕಿ ಇತ್ತು ಅನ್ನೋದೂ ಒಂದು ಕಾರಣ ಇರಬಹುದು.

ದುರ್ಗದ ಅಕ್ಕ, ಚೀಟಿ ಬರೀತಾ ಕೂತಿದೀನಿ, ನೆಹೆಮೀಯ ಎಷ್ಟನೇ ಅಧ್ಯಾಯ ಅಂತ ನೀವು ಹಾಕಿಲ್ಲ.

ಚಿತ್ರದುರ್ಗ

9:17. ಅದನ್ನ ಆ ಪಿಯುಸಿ ಹುಡುಗನಿಗೇ ಕೊಡು.